ಟ್ರೀಟ್‌ಮೆಂಟ್ ಮುಗಿದಿದೆ, ಅವ್ವ ಈಗ ಅಳುತ್ತಾಳೆ

ಪ್ರಶ್ನೆ: ಡಾಕ್ಟರೇ, ನಮ್ಮದು ರಾಣೆಬೆನ್ನೂರು ಹತ್ತಿರದ ಹಳ್ಳಿ. ಅವ್ವನಿಗೆ 47 ವರ್ಷ. ಹೋದ ವರ್ಷ ಎಡಗಡೆ ಸ್ತನದಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆಯಿತು, ಕೀಮೋ ಆಯಿತು, ಕರೆಂಟೂ (ರೇಡಿಯೇಷನ್) ಕೊಡಿಸಿದೆವು. ಎಲ್ಲ ಮುಗಿದು ನಾಲ್ಕು ತಿಂಗಳು. ಈಗ ಕ್ಯಾನ್ಸರ್ ತಿರುಗಿ ಬರದಿರಲಿ ಅಂತ ಟಮಾಕ್ಸಿಫೆನ್ ಮಾತ್ರೆ ನಡೆದಿದೆ. ಎಡಗೈ ಊದಿದೆ, ಭುಜ ಪೂರ್ತಿ ಮೇಲೇಳುವುದಿಲ್ಲ. ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ದಾವಣಗೆರೆಗೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತೇನೆ. ಅವ್ವನಿಗೆ 'ಗಡ್ಡೆ ಇತ್ತು, ತೆಗೆದರು' ಅಂತ ಮಾತ್ರ ಹೇಳಿದ್ದೇವೆ. ಕೂದಲೆಲ್ಲ ಉದುರಿದಾಗಲೂ ಆಕೆ ಅತ್ತವಳಲ್ಲ, ನಮಗೇ ಧೈರ್ಯ ಹೇಳುತ್ತಿದ್ದಳು. ಈಗ ನೋಡಿದರೆ ರಾತ್ರಿ ನಿದ್ದೆ ಇಲ್ಲ, ಊಟ ಬೇಡ, ಯಾರಾದರೂ ಬಂದರೆ ಒಳಗೆ ಹೋಗಿ ಮಲಗುತ್ತಾಳೆ. ಕೈ ಇನ್ನೂ ಊದೀತು ಅಂತ ಒಲೆ ಹತ್ತಿರ ಬಿಡುವುದಿಲ್ಲ, ರೊಟ್ಟಿಯೆಲ್ಲ ನನ್ನ ಹೆಂಡತಿಯೇ ಬಡಿಯುತ್ತಾಳೆ. ಆದರೂ ಅಡುಗೆಮನೆಯಲ್ಲೇ ಹೋಗಿ ಕೂತು ಅಳುತ್ತಾಳೆ. ಮೊನ್ನೆ 'ನಾ ಇದ್ದರೆಷ್ಟು, ಹೋದರೆಷ್ಟು' ಅಂದಳು. ಅಪ್ಪ ಮಾತೇ ಆಡುವುದಿಲ್ಲ. 'ಎಲ್ಲಾ ಮುಗೀತಲ್ಲ, ಧೈರ್ಯವಾಗಿರು' ಅಂತ ಊರವರೆಲ್ಲ ಹೇಳಿ ಆಯಿತು. ಕೀಮೋದಲ್ಲೇ ಅಳದವಳು ಈಗ್ಯಾಕೆ ಅಳುತ್ತಾಳೆ? ಮನೋರೋಗದ ಡಾಕ್ಟರ ಹತ್ತಿರ ಹೋಗಬೇಕಾ? ಅವರ ಮಾತ್ರೆ ಕ್ಯಾನ್ಸರ್ ಮಾತ್ರೆಗೆ ಅಡ್ಡ ಬರುತ್ತಾ? ಇನ್ನೊಂದು, ಅವ್ವನ ಮುಂದೆ ನಾನು ಅತ್ತರೆ ತಪ್ಪಾ?

ಉತ್ತರ: ಕೀಮೋದಲ್ಲಿ ಅಳೋಕೆ ನಿಮ್ಮ ಅವ್ವನಿಗೆ ಪುರುಸೊತ್ತು ಇರಲಿಲ್ಲ. ಈಗ ಸಿಕ್ಕಿದೆ. ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ, ಆದರೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟ್ರೀಟ್‌ಮೆಂಟ್ ನಡೆಯುವಾಗ ದಿನಕ್ಕೊಂದು ಕೆಲಸ ಇರುತ್ತದೆ. ಇವತ್ತು ರಕ್ತ ಪರೀಕ್ಷೆ, ನಾಳೆ ಕೀಮೋ, ನಾಡಿದ್ದು ವಾಂತಿ. ಕರೆಂಟು ಶುರುವಾದರೆ ವಾರದಲ್ಲಿ ಐದು ದಿನ ಅದೇ ಸಾಲು, ಅದೇ ಬೆಂಚು. ಮುಂದೇನು ಅಂತ ಹೇಳೋಕೆ ಡಾಕ್ಟರಿದ್ದಾರೆ, ನರ್ಸ್ ಇದ್ದಾರೆ, ಪಕ್ಕದ ಬೆಡ್ಡಿನ ಹೆಂಗಸಿದ್ದಾರೆ. ಒಂದು ದಿನ 'ಮುಗೀತು, ಮೂರು ತಿಂಗಳು ಬಿಟ್ಟು ಬನ್ನಿ' ಅಂತಾರೆ. ಅಷ್ಟೊತ್ತಿಗೆ ನೆಂಟರು ಎಳನೀರು, ಸೇಬು ತಂದುಕೊಟ್ಟು ಹೋಗಿಯೂ ಆಗಿರುತ್ತದೆ. ಗಂಡ ಹೊಲಕ್ಕೆ, ಮಗ ಕೆಲಸಕ್ಕೆ. ಆಗ ಮೊದಲ ಸಲ ಸುಮ್ನೆ ಕೂರುವ ಟೈಮು ಸಿಗುತ್ತದೆ. ಒಂದು ವರ್ಷ ತನ್ನ ಮೈಗೆ ಏನೇನಾಯಿತು ಅನ್ನುವುದು ಒಂದೊಂದಾಗಿ ತಲೆಗೆ ಹತ್ತುವುದು ಆವಾಗ.

ಇದನ್ನು ನಾನು ಕಲಿತದ್ದು ಎಡವಿದ ಮೇಲೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರಿಗೆ ರೇಡಿಯೇಷನ್‌ನ ಕೊನೆ ದಿನ 'ಇವತ್ತಿಗೆ ಮುಗೀತಲ್ಲಮ್ಮ, ಸಿಹಿ ಎಲ್ಲಿ?' ಅಂದೆ. ಅವರು ಅಲ್ಲೇ ಗೋಡೆಗೆ ಒರಗಿ ಅಳೋಕೆ ಶುರು ಮಾಡಿದರು. 'ಇಷ್ಟು ದಿನ ನೀವೆಲ್ಲ ನೋಡ್ಕೋತಿದ್ರಿ. ನಾಳೆ ಅದು ವಾಪಸ್ ಬಂದ್ರೆ ಯಾರು ನೋಡ್ತಾರೆ?' ಅಂದರು. ಅವತ್ತಿನಿಂದ ನಾನು ಯಾರ ಹತ್ತಿರವೂ ಸಿಹಿ ಕೇಳುವುದಿಲ್ಲ.

ನಿಮ್ಮ ಅವ್ವ ಈಗಿರುವ ಹಂತಕ್ಕೆ ಪುಸ್ತಕದಲ್ಲಿ ಪುನರ್ವಸತಿ ಅಂತಾರೆ. ಮನೆಯಿಂದ ಬಂದು ಹೋಗುತ್ತ ಮೈಯನ್ನು ಮತ್ತೆ ದಾರಿಗೆ ತರುವ ಕಾಲ. ಆ ಪದ ಕೇಳಿದರೆ ನಮ್ಮವರಿಗೆ ನೆನಪಾಗುವುದು ಆಲಮಟ್ಟಿ, ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರು ಮುಳುಗಿ ಬೇರೆ ಕಡೆ ಮನೆ ಕಟ್ಟಿಕೊಂಡವರು. ನನಗೆ ಆ ಹೋಲಿಕೆ ಸರಿಯೇ ಅನ್ನಿಸುತ್ತದೆ. ಜೀವ ಉಳಿದಿದೆ, ಆದರೆ ಮೊದಲಿದ್ದ ಮನೆ ಇಲ್ಲ. ಇಲ್ಲಿ ಮನೆ ಅಂದರೆ ಸ್ವಂತ ಮೈ. ಜರ್ಮನಿಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಮುಗಿದವರಿಗೆ ಸಾಮಾನ್ಯವಾಗಿ ಮೂರು ವಾರದ ಪುನರ್ವಸತಿ ವಿಮೆಯ ಖರ್ಚಿನಲ್ಲೇ ಸಿಗುತ್ತದೆ. ವ್ಯಾಯಾಮದವರ ಜೊತೆ ಮನಃಶಾಸ್ತ್ರಜ್ಞರೂ ಅದೇ ತಂಡದಲ್ಲಿರುತ್ತಾರೆ. ನಮ್ಮಲ್ಲಿ ಬಹಳ ಕಡೆ ಪುನರ್ವಸತಿ ಅಂದರೆ ಫಿಸಿಯೋ ಒಂದೇ. ಕೈ ನೋಡುತ್ತಾರೆ, ಭುಜ ನೋಡುತ್ತಾರೆ, ಚೀಟಿಗೆ ಸಹಿ ಹಾಕುತ್ತಾರೆ. ನಿದ್ದೆ ಬಂತಾ ಅಂತ ಕೇಳುವವರು ಕಡಿಮೆ.

ಫಿಸಿಯೋ ಕೋಣೆಯ ಗೋಡೆ ನೋಡಿದ್ದೀರಲ್ಲ. ಬೆರಳಿನಿಂದ ಇಂಚಿಂಚೇ ಗೋಡೆ ಹತ್ತಿಸುತ್ತಾರೆ. ಎಲ್ಲಿಗೆ ಮುಟ್ಟಿತೋ ಅಲ್ಲೊಂದು ಪೆನ್ಸಿಲ್ ಗೀಟು, ಪಕ್ಕದಲ್ಲಿ ತಾರೀಕು. ನಮ್ಮ ಒಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಒಬ್ಬರ ಗೀಟು ಮೂರು ವಾರ ಒಂದೇ ಕಡೆ ನಿಂತಿತ್ತು. ಭುಜ ಬಿಗಿದಿದೆ ಅಂತ ಎಲ್ಲರೂ ಭುಜವನ್ನೇ ಎಳೆದರು. ಕೊನೆಗೆ ನಮ್ಮ ಫಿಸಿಯೋ ಹುಡುಗಿ 'ಅಕ್ಕಾ, ರಾತ್ರಿ ನಿದ್ದೆ ಬರುತ್ತಾ?' ಅಂತ ಮಾತಿಗೆ ಕೇಳಿದಳು. ಅವರು ಮನೆಯಲ್ಲಿ ಒಂದು ದಿನವೂ ವ್ಯಾಯಾಮ ಮಾಡಿರಲಿಲ್ಲ. ಮಾಡಿ ಏನುಪಯೋಗ, ಹೇಗೂ ತಿರುಗಿ ಬರುತ್ತದೆ, ಅನ್ನುವುದು ಅವರ ಲೆಕ್ಕ. ರಾತ್ರಿಯೆಲ್ಲ ಎದ್ದು ಕೂತು ಇನ್ನೊಂದು ಎದೆಯನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದರು. ನಿದ್ದೆಗೆ, ಭಯಕ್ಕೆ ಚಿಕಿತ್ಸೆ ಶುರುವಾಗಿ ಒಂದು ತಿಂಗಳಿಗೆ ಗೀಟು ನಾಲ್ಕು ಬೆರಳು ಮೇಲೆ ಹೋಯಿತು. ಅದಕ್ಕೇ ನಾನು ಹೇಳುವುದು, ಮನಸ್ಸಿನ ಸಂಕಟ ಫಿಸಿಯೋದ ಹೊರಗಿನ ವಿಷಯ ಅಲ್ಲ. ಕೈ ಊತವನ್ನು ಟೇಪ್ ಹಿಡಿದು ಅಳೆಯುವ ಹಾಗೆ ಅದನ್ನೂ ಅಳೆಯಬೇಕು.

ಅಳೆಯಬಹುದು ಕೂಡ. ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಗೆ ಅಡಿಪಾಯ ಹಾಕಿದವರಲ್ಲಿ ಮೊದಲ ಹೆಸರು ನ್ಯೂಯಾರ್ಕಿನ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಅವರದು. 1977ರಲ್ಲಿ ಅಲ್ಲಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಕೆಲಸ ಶುರು ಮಾಡಿದರು. 'ಮಾನಸಿಕ ರೋಗ' ಅಂದರೆ ರೋಗಿಗಳು ಹೆದರುತ್ತಾರೆ, ಡಾಕ್ಟರುಗಳಿಗೂ ಕೇಳೋಕೆ ಮುಜುಗರ. ಅದಕ್ಕೆ ಅವರ ಬಳಗ 'ಡಿಸ್ಟ್ರೆಸ್' ಅನ್ನುವ ಸಾದಾ ಪದ ಹಿಡಿಯಿತು. ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಪದ ಇದೆ: ಸಂಕಟ. ಹೊಟ್ಟೆಗೂ ಸಂಕಟ ಆಗುತ್ತದೆ, ಮನಸ್ಸಿಗೂ ಆಗುತ್ತದೆ. ನಿಮ್ಮ ಕಡೆ 'ತ್ರಾಸು' ಅಂತೀರಿ, ಅದಕ್ಕೂ ಮೈ ಬೇರೆ ಮನಸ್ಸು ಬೇರೆ ಅನ್ನುವ ಭೇದ ಇಲ್ಲ.

ಆ ಬಳಗದವರು ಕಾಗದದ ಮೇಲೆ ಥರ್ಮಾಮೀಟರಿನ ಚಿತ್ರ ಬರೆದು 0ಯಿಂದ 10ರವರೆಗೆ ಗುರುತು ಹಾಕಿದರು. ಇವತ್ತೂ ಸೇರಿ ಹೋದ ಒಂದು ವಾರದಲ್ಲಿ ಸಂಕಟ ಎಷ್ಟಿತ್ತು, ತೋರಿಸಿ, ಅಷ್ಟೇ ಪ್ರಶ್ನೆ. 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕೂರಿಸಿ ವಿಚಾರಿಸಬೇಕು. ಯಾವುದರಿಂದ ಸಂಕಟ ಅಂತ ಹುಡುಕೋಕೆ ಪಕ್ಕದಲ್ಲೊಂದು ಪಟ್ಟಿ ಇರುತ್ತದೆ: ದುಡ್ಡು, ಓಡಾಟ, ಮಕ್ಕಳು, ಗಂಡ, ನಿದ್ದೆ, ನೋವು, ಭಯ, ದೇವರ ವಿಷಯ, ಹೀಗೆ. ಬ್ಯಾಡಗಿ ಕಡೆಯ ಒಬ್ಬ ಅಜ್ಜಿಗೆ ಈ ಹತ್ತರ ಲೆಕ್ಕ ಹಿಡಿಸಲಿಲ್ಲ. 'ರೂಪಾಯಿದಾಗ ಹನ್ನೆರಡಾಣೆ ಐತ್ರಿ' ಅಂದರು. ನಾನೇ ಹತ್ತಕ್ಕೆ ಇಳಿಸಿ ಏಳೂವರೆ ಅಂತ ಬರೆದುಕೊಂಡೆ. ಇವತ್ತು ಸಂಜೆ ನೀವೂ ಅವ್ವನನ್ನು ಹೀಗೇ ಕೇಳಿ. ಆಣೆ ಲೆಕ್ಕವೇ ಆಗಲಿ, ತೊಂದರೆ ಇಲ್ಲ.

ಇದೇನು ನಿಮ್ಮ ಅವ್ವನೊಬ್ಬರದೇ ಕಥೆ ಅಲ್ಲ. ಹಲವು ದೇಶಗಳ 94 ಅಧ್ಯಯನಗಳನ್ನು ಒಟ್ಟು ಸೇರಿಸಿ 2011ರಲ್ಲಿ ಒಂದು ಲೆಕ್ಕ ಹಾಕಿದ್ದರು. ಬರೀ ಚೀಟಿ ತುಂಬಿಸಿದ್ದಲ್ಲ, ರೋಗಿಗಳನ್ನು ಎದುರು ಕೂರಿಸಿ ಮಾತಾಡಿಸಿದ ಅಧ್ಯಯನಗಳು. ಕ್ಯಾನ್ಸರ್ ಆಸ್ಪತ್ರೆಗೆ ಬರುವ ನೂರು ಜನರಲ್ಲಿ ಸುಮಾರು 16 ಮಂದಿಗೆ ಖಿನ್ನತೆ, 10 ಮಂದಿಗೆ ಆತಂಕದ ಕಾಯಿಲೆ, 19 ಮಂದಿಗೆ ಬಂದ ಕಷ್ಟಕ್ಕೆ ಹೊಂದಿಕೊಳ್ಳಲಾಗದ ತೊಳಲಾಟ. ಒಬ್ಬರಿಗೇ ಎರಡು ಮೂರು ಇರುವುದೂ ಉಂಟು. ಎಲ್ಲ ಸೇರಿಸಿದರೆ ನೂರಕ್ಕೆ 30ರಿಂದ 40. ಅಂದರೆ ಫಿಸಿಯೋ ಕೋಣೆಯ ಹೊರಗೆ ಬೆಂಚಿನ ಮೇಲೆ ಆರು ಜನ ಕೂತಿದ್ದರೆ ಇಬ್ಬರಿಗೆ ಇಂಥದ್ದೇನೋ ಇದೆ. ಆರೂ ಜನ 'ಆರಾಮಿದೀನ್ರಿ' ಅಂತಲೇ ಹೇಳುತ್ತಾರೆ.

ಈಗ ಅಡುಗೆಮನೆಗೆ ಬರೋಣ. ಅವ್ವ ಅಲ್ಲೇ ಹೋಗಿ ಯಾಕೆ ಅಳುತ್ತಾರೆ ಅಂತ ಯೋಚಿಸಿದ್ದೀರಾ? ನೀವು ಒಲೆ ಹತ್ತಿರ ಬಿಡದೇ ಇರುವುದು ಪ್ರೀತಿಯಿಂದಲೇ, ಅನುಮಾನ ಇಲ್ಲ. ಆದರೆ ಮದುವೆಯಾಗಿ ಬಂದ ದಿನದಿಂದ ಮನೆಮಂದಿಗೆಲ್ಲ ರೊಟ್ಟಿ ಬಡಿದವರು ಅವರು. ಜೋಳದ ಹಿಟ್ಟು ನಾದಿ, ಅಂಗೈಯಲ್ಲಿ ತಿರುಗಿಸುತ್ತ ಬಡಿಯೋಕೆ ಎರಡೂ ಕೈ ಬೇಕು, ಎರಡೂ ಭುಜ ಬೇಕು. ಆ ಪಟಪಟ ಸದ್ದು ಈಗ ಸೊಸೆಯದು. ಸ್ತನ ಹೋಯಿತು, ಕೂದಲು ಹೋಗಿ ಬಂತು, ಮುಟ್ಟು ನಿಂತಿರಬಹುದು. ಅದರ ಮೇಲೆ ಮನೆಯಲ್ಲಿ ಇದ್ದ ಒಂದು ಅಧಿಕಾರವೂ ಹೋಯಿತು. 'ನಾ ಇದ್ದರೆಷ್ಟು' ಅನ್ನುವ ಮಾತಿನಲ್ಲಿ ಇದೂ ಒಂದು ಪಾಲು ಇರುತ್ತದೆ, ನನ್ನ ಅನುಭವದಲ್ಲಿ ದೊಡ್ಡ ಪಾಲೇ.

ಊದಿದ ಕೈಯಲ್ಲಿ ಕೆಲಸ ಮಾಡಿದರೆ ಊತ ಜಾಸ್ತಿ ಆಗುತ್ತದೆ ಅನ್ನುವ ಹೆದರಿಕೆ ಡಾಕ್ಟರುಗಳಲ್ಲೂ ಬಹಳ ಕಾಲ ಇತ್ತು. 2009ರಲ್ಲಿ ಅಮೆರಿಕದಲ್ಲಿ ಹೀಗೆ ಕೈ ಊದಿದ್ದ 141 ಹೆಂಗಸರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಅರ್ಧದಷ್ಟು ಜನಕ್ಕೆ ವಾರಕ್ಕೆರಡು ಸಲ ನಿಧಾನವಾಗಿ ತೂಕ ಏರಿಸುತ್ತ ಭಾರ ಎತ್ತಿಸಿದರು. ಅವರ ಕೈ ಊತ ಉಳಿದವರಿಗಿಂತ ಹೆಚ್ಚಲಿಲ್ಲ, ಕೈಗೆ ಬಲ ಬಂತು, ಕಿರಿಕಿರಿ ತಗ್ಗಿತು. ಹಾಗಂತ ನಾಳೆಯೇ ನಲವತ್ತು ರೊಟ್ಟಿ ಬಡಿಸಬೇಡಿ. ಫಿಸಿಯೋದವರನ್ನು ಕೇಳಿ, ಅವರು ಹೂಂ ಅಂದರೆ ಕಂಪ್ರೆಷನ್ ಸ್ಲೀವ್ (ಊತ ತಡೆಯುವ ಬಿಗಿಯಾದ ತೋಳುಚೀಲ) ಹಾಕಿಕೊಂಡು ದಿನಕ್ಕೆ ಎರಡು ರೊಟ್ಟಿಯಿಂದ ಶುರು ಮಾಡಲಿ. ಬಡಿಯುವುದು ಅವ್ವ, ಹಂಚಿನ ಮೇಲೆ ಹಾಕಿ ತಿರುವುವುದು ಸೊಸೆ. ಊದಿದ ಕೈಗೆ ಸುಟ್ಟ ಗಾಯ, ಕುಯ್ದ ಗಾಯ ಆಗಬಾರದು, ಸೋಂಕು ಬೇಗ ಹತ್ತುತ್ತದೆ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಟೇಪ್ ಹಿಡಿದು ಕೈ ಅಳೆಯಿರಿ. ಅಳತೆ ಏರದಿದ್ದರೆ ಮೂರನೇ ರೊಟ್ಟಿ. ಮಾಡಲೇಬೇಕು ಅನ್ನಿಸುವವರೆಗೆ ಕಾಯದೆ, ಚಿಕ್ಕ ಕೆಲಸವೊಂದನ್ನು ದಿನಾ ಹೊತ್ತಿಗೆ ಸರಿಯಾಗಿ ಮಾಡಿಸುವುದು ಖಿನ್ನತೆಗೆ ನಾವು ಕೊಡುವ ಚಿಕಿತ್ಸೆಗಳಲ್ಲೇ ಒಂದು. ನಿಮ್ಮ ಮನೆಯಲ್ಲಿ ಅದಕ್ಕೆ ರೊಟ್ಟಿಯೇ ಸರಿ.

'ಗಡ್ಡೆ' ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ನಿಮ್ಮ ಅವ್ವ ಒಂದು ವರ್ಷ ಕ್ಯಾನ್ಸರ್ ಅಂತ ದೊಡ್ಡ ಅಕ್ಷರದಲ್ಲಿ ಬರೆದ ಬೋರ್ಡುಗಳ ಕೆಳಗೆ ಕೂತಿದ್ದಾರೆ. ಪಕ್ಕದವರ ಜೊತೆ ಮಾತಾಡಿದ್ದಾರೆ. ಕೂದಲು ಉದುರುವ ಔಷಧ ಯಾವುದಕ್ಕೆ ಕೊಡುತ್ತಾರೆ ಅಂತ ಊರಿಗೇ ಗೊತ್ತು. ಅವರಿಗೆ ಗೊತ್ತಿಲ್ಲ ಅಂತ ನೀವು ಅಂದುಕೊಂಡಿದ್ದೀರಿ, ಅಷ್ಟೇ. ಗೊತ್ತಿದೆ ಅಂತ ತೋರಿಸಿದರೆ ಮಕ್ಕಳು ನೊಂದುಕೊಳ್ಳುತ್ತಾರೆ ಅಂತ ಅವರೂ ಸುಮ್ಮನಿದ್ದಾರೆ. ಒಂದೇ ಮನೆಯಲ್ಲಿ ನಾಲ್ಕು ಜನ ಒಬ್ಬರಿಗೊಬ್ಬರು ಮುಚ್ಚಿಡುತ್ತ ಓಡಾಡುವುದು ಎಷ್ಟು ಸುಸ್ತು ಅಂತ ಹೊರಗಿನವರಿಗೆ ಅಂದಾಜಾಗುವುದಿಲ್ಲ.

ಕೂರಿಸಿ ಎಲ್ಲ ಹೇಳಿಬಿಡಿ ಅನ್ನುತ್ತಿಲ್ಲ. ಕೇಳಿ. 'ಅವ್ವಾ, ನಿನ್ನ ಕಾಯಿಲೆ ಬಗ್ಗೆ ನಿನಗೇನು ಗೊತ್ತೈತಿ? ಏನರ ಕೇಳಬೇಕು ಅನ್ನಿಸೈತೇನು?' ಇಷ್ಟು ಕೇಳಿ ಬಾಯಿ ಮುಚ್ಚಿಕೊಂಡು ಕೂತಿರಿ. ಕಷ್ಟ ಇರುವುದು ಆ ಸುಮ್ಮನೆ ಕೂರುವುದರಲ್ಲೇ. ಅವರು 'ಏನಿಲ್ಲ ಬಿಡು' ಅಂದರೆ ಬಲವಂತ ಬೇಡ, ಇನ್ನೊಂದು ದಿನ ಕೇಳಿ. 'ಅದು ಕ್ಯಾನ್ಸರ್ರೇ ಹೌದಲ್ಲೋ?' ಅಂದರೆ ಹೌದು ಅನ್ನಿ. ಮಾತ್ರೆ ಯಾಕೆ ವರ್ಷಗಟ್ಟಲೆ ನುಂಗಬೇಕು, ಚೆಕಪ್ಪಿಗೆ ಯಾಕೆ ಹೋಗಬೇಕು ಅನ್ನುವುದು ಆಮೇಲೆ ತಾನಾಗಿ ಅರ್ಥವಾಗುತ್ತದೆ. ಬಸ್ಸು ಇದಕ್ಕೆ ಒಳ್ಳೆಯ ಜಾಗ. ಇಬ್ಬರೂ ಮುಂದೆ ನೋಡುತ್ತ ಕೂತಿರುತ್ತೀರಿ, ಮುಖ ನೋಡುವ ಕಷ್ಟ ಇಲ್ಲ.

ಊರವರ 'ಧೈರ್ಯವಾಗಿರು' ಅನ್ನುವುದನ್ನು ನಿಲ್ಲಿಸೋಕೆ ಆಗುವುದಿಲ್ಲ. ನೀವಾದರೂ ಅದನ್ನು ಬಿಡಿ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಆ ಮಾತು ಬಿದ್ದ ಕೂಡಲೇ ಅವ್ವ ಹೇಳಬೇಕೆಂದಿದ್ದು ಗಂಟಲಲ್ಲೇ ನಿಂತುಬಿಡುತ್ತದೆ. ಅತ್ತರೆ ಧೈರ್ಯ ಇಲ್ಲದವಳು ಅನ್ನಿಸಿಕೊಳ್ಳಬೇಕಲ್ಲ.

ಹಾಗಾದರೆ ಇದು ದುಃಖವಾ, ಖಿನ್ನತೆಯಾ? ಕ್ಯಾನ್ಸರ್ ಇದ್ದವರಲ್ಲಿ ಇದನ್ನು ಬೇರೆ ಮಾಡುವುದು ಸ್ವಲ್ಪ ನಾಜೂಕಿನ ಕೆಲಸ. ಊಟ ಸೇರದಿರುವುದು, ನಿದ್ದೆ ಕೆಡುವುದು, ಸುಸ್ತು, ತೂಕ ಇಳಿಯುವುದು ಖಿನ್ನತೆಯಲ್ಲೂ ಇರುತ್ತದೆ, ಕೀಮೋ ಆದ ಮೈಯಲ್ಲೂ ಇರುತ್ತದೆ. ಆಸ್ಪತ್ರೆ ರೋಗಿಗಳಿಗೆಂದೇ 1983ರಲ್ಲಿ ಮಾಡಿದ 14 ಪ್ರಶ್ನೆಗಳ ಒಂದು ಪಟ್ಟಿ ಇದೆ. ಆತಂಕಕ್ಕೆ ಏಳು, ಖಿನ್ನತೆಗೆ ಏಳು. ಅದರಲ್ಲಿ ಬೇಕೆಂದೇ ಮೈಯ ತೊಂದರೆಗಳನ್ನು ಹೆಚ್ಚು ಕೇಳುವುದಿಲ್ಲ. ಮೊದಲು ಖುಷಿ ಕೊಡುತ್ತಿದ್ದದ್ದು ಈಗಲೂ ಖುಷಿ ಕೊಡುತ್ತದಾ, ನಗು ಬರುತ್ತದಾ, ಈ ಥರದ ಪ್ರಶ್ನೆಗಳು. ನಾನೂ ಅದನ್ನೇ ಹುಡುಕುತ್ತೇನೆ. ದುಃಖದಲ್ಲಿರುವವರು ಮೊಮ್ಮಗು ಬಂದು ತೊಡೆ ಏರಿದರೆ ಒಂದು ಗಳಿಗೆ ಮುಖ ಅರಳಿಸುತ್ತಾರೆ. ಖಿನ್ನತೆಯಲ್ಲಿ ಅದೂ ಮುಟ್ಟುವುದಿಲ್ಲ. ಎರಡು ವಾರ ದಿನದ ಬಹುಪಾಲು ಹೀಗೇ ಇದ್ದು, ತಾನು ಭಾರ, ತನ್ನಿಂದಲೇ ಎಲ್ಲ ಹಾಳಾಯಿತು ಅನ್ನುವ ಮಾತು ಸೇರಿಕೊಂಡರೆ ಚಿಕಿತ್ಸೆ ಬೇಕೇ ಬೇಕು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಅವ್ವನನ್ನು ಮನೋವೈದ್ಯರಿಗೆ ತೋರಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ತೋರಿಸುವ ಮೊದಲೋ ಜೊತೆಗೋ ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್. ಇವುಗಳಲ್ಲಿ ಒಂದು ಏರುಪೇರಾದರೂ ಮನುಷ್ಯ ಮಂಕಾಗುತ್ತಾನೆ. ರಾತ್ರಿ ನಿದ್ದೆ ಯಾಕೆ ಕೆಡುತ್ತದೆ ಅಂತಲೂ ಕೇಳಿ. ಟಮಾಕ್ಸಿಫೆನ್ ತಗೊಳ್ಳುವವರಿಗೆ, ಕೀಮೋದಿಂದ ಮುಟ್ಟು ನಿಂತವರಿಗೆ ಮೈ ಒಮ್ಮೆಲೇ ಕಾದು, ಬೆವರಿ, ರಾತ್ರಿ ಮೂರು ನಾಲ್ಕು ಸಲ ಎಚ್ಚರವಾಗುವುದುಂಟು. ಹೆಂಗಸರು ಮಗನ ಹತ್ತಿರ ಇದನ್ನು ಹೇಳುವುದಿಲ್ಲ, ನಿಮ್ಮ ಹೆಂಡತಿ ಕೇಳಲಿ.

ಮಾತ್ರೆ ಬಗ್ಗೆ ನಿಮ್ಮ ಪ್ರಶ್ನೆ ಬಹಳ ಸರಿಯಾದದ್ದು. ಟಮಾಕ್ಸಿಫೆನ್ ಹೊಟ್ಟೆಗೆ ಹೋದ ಹಾಗೇ ಪೂರ್ತಿ ಕೆಲಸ ಮಾಡುವುದಿಲ್ಲ. ಲಿವರಿನಲ್ಲಿರುವ ಒಂದು ಕಿಣ್ವ ಅದನ್ನು ಬಲವಾದ ರೂಪಕ್ಕೆ ಬದಲಿಸುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳು ಅದೇ ಕಿಣ್ವವನ್ನು ಕಟ್ಟಿಹಾಕುತ್ತವೆ. ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್, ಬುಪ್ರೋಪಿಯಾನ್ ಈ ಗುಂಪಿನವು, ಟಮಾಕ್ಸಿಫೆನ್ ಜೊತೆ ಇವು ಬೇಡ. ಇದರಲ್ಲಿ ಫ್ಲೂಆಕ್ಸೆಟಿನ್ ಅಗ್ಗದ್ದು, ಸರ್ಕಾರಿ ಆಸ್ಪತ್ರೆಯಲ್ಲೂ ಸುಲಭವಾಗಿ ಸಿಗುತ್ತದೆ, ಹಾಗಾಗಿ ಗೊತ್ತಿಲ್ಲದೇ ಬರೆದುಬಿಡುವ ಸಾಧ್ಯತೆ ಇದೆ. ಎಸಿಟಾಲೋಪ್ರಾಂ, ವೆನ್ಲಾಫ್ಯಾಕ್ಸಿನ್ ಥರದವು ಆ ಕಿಣ್ವದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ವೆನ್ಲಾಫ್ಯಾಕ್ಸಿನ್‌ನಿಂದ ಮೈ ಕಾಯುವುದೂ ತಗ್ಗುತ್ತದೆ. ಯಾವುದು, ಎಷ್ಟು ಅನ್ನುವುದನ್ನು ನೋಡಿದ ಡಾಕ್ಟರೇ ಹೇಳಬೇಕು. ನಿಮ್ಮ ಕೆಲಸ ಒಂದೇ: ಕೂತ ಕೂಡಲೇ 'ಅವ್ವ ಟಮಾಕ್ಸಿಫೆನ್ ತಗೋತಿದ್ದಾಳೆ' ಅನ್ನುವುದು.

ಈ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು ಗುಣ ಕಾಣೋಕೆ. ಮೊದಲ ವಾರ ಹೊಟ್ಟೆ ತೊಳಸಬಹುದು. ಗುಣವಾಯಿತು ಅಂತ ದಿಢೀರನೆ ನಿಲ್ಲಿಸಬಾರದು. ಚಟ ಹಿಡಿಸುವುದು ಮೆಡಿಕಲ್ ಶಾಪಿನಲ್ಲಿ 'ನಿದ್ದೆ ಮಾತ್ರೆ' ಅಂತ ಕೇಳಿ ತರುವ ಆಲ್ಪ್ರಜೋಲಾಂ ಥರದವು. ಅದನ್ನು ನೀವಾಗಿ ತರಲೇಬೇಡಿ.

ಬರೀ ಮಾತ್ರೆ ಸಾಲದು. 2014ರಲ್ಲಿ ಸ್ಕಾಟ್ಲೆಂಡಿನ 500 ಕ್ಯಾನ್ಸರ್ ರೋಗಿಗಳ ಒಂದು ಅಧ್ಯಯನ ಬಂತು. ಎಲ್ಲರಿಗೂ ಖಿನ್ನತೆ ಇತ್ತು. ಅರ್ಧ ಜನಕ್ಕೆ ಮಾಮೂಲಿ ಆರೈಕೆ. ಇನ್ನರ್ಧ ಜನಕ್ಕೆ ತರಬೇತಾದ ಕ್ಯಾನ್ಸರ್ ನರ್ಸ್‌ಗಳು ಮಾತಿನ ಚಿಕಿತ್ಸೆ ಕೊಟ್ಟು, ಸಂಕಟ ಎಷ್ಟಿದೆ ಅಂತ ಆಗಾಗ ಅಳೆದು, ಮನೋವೈದ್ಯರ ಮಾತಿನಂತೆ ಔಷಧ ಸರಿ ಮಾಡಿಸಿದರು. ಆರು ತಿಂಗಳಿಗೆ ಖಿನ್ನತೆ ಅರ್ಧಕ್ಕಾದರೂ ಇಳಿದವರು ಈ ಗುಂಪಿನಲ್ಲಿ ನೂರಕ್ಕೆ 62, ಮಾಮೂಲಿ ಗುಂಪಿನಲ್ಲಿ 17. ಇಲ್ಲಿ ದೊಡ್ಡ ಯಂತ್ರ ಇಲ್ಲ, ದುಬಾರಿ ಔಷಧ ಇಲ್ಲ. ಬಿಡದೇ ಬೆನ್ನುಹತ್ತಿ ಕೇಳುವ ನರ್ಸ್ ಇದ್ದರು. ನಮ್ಮ ಒಪಿಡಿಗಳಲ್ಲಿ ಇದನ್ನು ಯಾಕೆ ಮಾಡಬಾರದು ಅಂತ ನಾನು ಮೀಟಿಂಗುಗಳಲ್ಲಿ ಕೇಳಿ ಕೇಳಿ ಬೇಸರ ಹುಟ್ಟಿಸಿದ್ದೇನೆ.

ತಿರುಗಿ ಬರುತ್ತದೆ ಅನ್ನುವ ಭಯ ಅವ್ವನಿಗೂ ಇರುತ್ತದೆ, ಹೇಳದಿದ್ದರೂ. ತಲೆ ನೋವು ಬಂದರೆ ತಲೆಗೇ ಹೋಯಿತು ಅನ್ನಿಸುತ್ತದೆ, ಬೆನ್ನು ಹಿಡಿದರೆ ಎಲುಬಿಗೆ. ಚೆಕಪ್ಪಿನ ಹಿಂದಿನ ವಾರ ಮನೆಯಲ್ಲಿ ಎಲ್ಲರ ಮೇಲೂ ರೇಗಾಟ. 'ಹಾಗೆಲ್ಲ ಯೋಚಿಸಬೇಡ' ಅಂದರೆ ಯೋಚನೆ ನಿಲ್ಲುವುದಿಲ್ಲ. ನಾನು ಒಂದು ನಿಯಮ ಹೇಳಿಕೊಡುತ್ತೇನೆ. ಹೊಸ ತೊಂದರೆ ಬಂದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡು ವಾರ ಆದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಅದರ ಚಿಂತೆ ಕ್ಯಾಲೆಂಡರಿನದು. ಜೋರು ನೋವು, ಉಸಿರಾಟದ ತೊಂದರೆ, ಕೈ ಕೆಂಪಾಗಿ ಜ್ವರ ಬಂದರೆ ಮಾತ್ರ ಕಾಯಬೇಡಿ, ಅವತ್ತೇ ಹೋಗಿ.

ನಡಿಗೆಯನ್ನು ಔಷಧ ಅಂತಲೇ ತಿಳಿಯಿರಿ. ವಾರಕ್ಕೆ ಮೂರು ದಿನ, ಅರ್ಧ ಗಂಟೆ, ಸ್ವಲ್ಪ ಏದುಸಿರು ಬರುವಷ್ಟು, ಎರಡು ಮೂರು ತಿಂಗಳು. ಸುಸ್ತು, ಆತಂಕ, ಬೇಸರ ಮೂರಕ್ಕೂ ಇದರಿಂದ ಉಪಯೋಗ ಇದೆ ಅಂತ ಗಟ್ಟಿ ಪುರಾವೆ ಇದೆ. ಮೊದಲ ವಾರ ಹನುಮಪ್ಪನ ಗುಡಿವರೆಗೆ ಹೋಗಿ ಬಂದರೆ ಸಾಕು. ಯೋಗವೂ ಆದೀತು. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ತಂಡ ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ ಹೆಂಗಸರಿಗೆ ಯೋಗ ಕಲಿಸಿ ಆತಂಕ ತಗ್ಗಿದ್ದನ್ನು 2009ರಲ್ಲಿ ಪ್ರಕಟಿಸಿತ್ತು. ಆದರೆ ಯೋಗ ಮಾಡುತ್ತೇವೆ ಅಂತ ಟಮಾಕ್ಸಿಫೆನ್ ನಿಲ್ಲಿಸಿದವರನ್ನೂ ನಾನು ನೋಡಿದ್ದೇನೆ. ಹಾಗೆ ಮಾಡಬೇಡಿ.

ನಿಮ್ಮ ಅಪ್ಪ. ಮಾತಾಡದ ಗಂಡಸರ ಬಗ್ಗೆ ಬೇಗ ತೀರ್ಪು ಕೊಡಬಾರದು ಅಂತ ನನಗೆ ಒಬ್ಬ ರೈತರು ಕಲಿಸಿದರು. ಆಪರೇಷನ್ ಆದ ಮೇಲೆ ಹೆಂಡತಿಯ ಪಕ್ಕ ಮಲಗುವುದು ಬಿಟ್ಟು ಹೊರಗೆ ಕಟ್ಟೆ ಮೇಲೆ ಮಲಗುತ್ತಿದ್ದರು. ಹೆಂಡತಿ ಅದನ್ನು ಅಸಹ್ಯ ಅಂದುಕೊಂಡು ಕನ್ನಡಿ ನೋಡುವುದನ್ನೇ ಬಿಟ್ಟಿದ್ದರು. ಇಬ್ಬರನ್ನೂ ಕೂರಿಸಿ ಕೇಳಿದರೆ, ನಿದ್ದೆಗಣ್ಣಲ್ಲಿ ನನ್ನ ಕೈ ಗಾಯಕ್ಕೆ ತಾಗಿದರೆ ಅಂತ ಹೆದರಿದ್ದೆ ಅಂದರು. ಗಾಯ ಮಾಯ್ದು ಏಳು ತಿಂಗಳಾಗಿತ್ತು. ಜೊತೆಗೆ ಮಲಗಿದರೆ ಕ್ಯಾನ್ಸರ್ ಅಂಟುವುದಿಲ್ಲ, ರೇಡಿಯೇಷನ್ ಮುಗಿಸಿ ಬಂದವರ ಮೈಯಿಂದ ಕರೆಂಟೂ ತಗಲುವುದಿಲ್ಲ. ಇದನ್ನು ಡಾಕ್ಟರ ಬಾಯಿಂದಲೇ ಅಪ್ಪನಿಗೆ ಕೇಳಿಸಿ. ಒಂದು ಸಲ ನಿಮ್ಮ ಬದಲು ಅವರೇ ದಾವಣಗೆರೆಗೆ ಹೋಗಲಿ.

ಈಗ ಆ ಮಾತು. 'ನಾ ಇದ್ದರೆಷ್ಟು, ಹೋದರೆಷ್ಟು.' ಬೇಜಾರಲ್ಲಿ ಅಂದಿರುತ್ತಾರೆ ಅಂತ ಬಿಡಬೇಡಿ. ನೇರವಾಗಿ ಕೇಳಿ: 'ಅವ್ವಾ, ಸಾಯಬೇಕು ಅನ್ನಿಸುತ್ತೇನು? ಏನಾದರೂ ಮಾಡಿಕೊಳ್ಳಬೇಕು ಅಂತ ಮನಸ್ಸಿಗೆ ಬಂದೈತೇನು?' ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಬಹಳ ಜನ, ಅಂತೂ ಒಬ್ಬರು ಕೇಳಿದರಲ್ಲ ಅಂತ ಹಗುರಾಗುತ್ತಾರೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಇಲ್ಲ ಅಂದರೂ ಒಂದು ಕೆಲಸ ಇವತ್ತೇ ಮಾಡಿ: ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಹೊರಗೆ ಸಾಗಿಸಿ, ಬೀಗ ಹಾಕಿ. ಮಾತ್ರೆಗಳನ್ನು ವಾರಕ್ಕಾಗುವಷ್ಟೇ ಕೈಗೆ ಕೊಡಿ. ಟೆಲಿ-ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದಿನದ 24 ಗಂಟೆಯೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅವ್ವನೇ ಮಾಡಬೇಕು ಅಂತಿಲ್ಲ, ಏನು ಮಾಡಲಿ ಅಂತ ನೀವೂ ಕೇಳಬಹುದು.

ಎಲ್ಲಿಗೆ ಹೋಗುವುದು? ಫಿಸಿಯೋ ನಡೆಯುವ ಆಸ್ಪತ್ರೆಯಲ್ಲೇ ಮನೋವೈದ್ಯರಿದ್ದರೆ ಅದೇ ದಿನ, ಅದೇ ಬಸ್ಸಿನಲ್ಲಿ ಮುಗಿಯುತ್ತದೆ. ಇನ್ನೊಂದು ದಿನ ಇನ್ನೊಂದು ಊರು ಅಂದರೆ ಜನ ಹೋಗುವುದಿಲ್ಲ, ನನಗೆ ಗೊತ್ತು. ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಬಗ್ಗೆಯೂ ವಿಚಾರಿಸಿ. 'ಹುಚ್ಚರ ಡಾಕ್ಟರಾ?' ಅಂತ ಅವ್ವ ಕೇಳಿದರೆ ಸುಳ್ಳು ಹೇಳಬೇಡಿ. 'ನಿದ್ದಿಗೆ, ಸಂಕಟಕ್ಕೆ ನೋಡೋ ಡಾಕ್ಟರು' ಅನ್ನಿ, ಅದು ನಿಜವೇ. ಹೋಗುವಾಗ ಆಪರೇಷನ್ ಫೈಲು, ರಕ್ತದ ರಿಪೋರ್ಟು, ಈಗ ತಗೊಳ್ಳುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ಪು ಒಂದು ಚೀಲದಲ್ಲಿರಲಿ. ನಾಟಿ ಔಷಧ ಏನಾದರೂ ನಡೆದಿದ್ದರೆ ಅದನ್ನೂ ಹೇಳಿ, ಯಾರೂ ಬೈಯುವುದಿಲ್ಲ. ಬೈದರೆ ಡಾಕ್ಟರನ್ನು ಬದಲಿಸಿ.

ಕೊನೆಯ ಪ್ರಶ್ನೆ, ಅವ್ವನ ಮುಂದೆ ಅಳಬಹುದಾ ಅಂತ. ಅಳಬಹುದು. ಒಂದು ವರ್ಷದಿಂದ ವಾರಕ್ಕೆರಡು ಮೂರು ಸಲ ಆಸ್ಪತ್ರೆ ಅಂತ ಓಡಾಡುತ್ತಿದ್ದೀರಿ, ಪತ್ರದಲ್ಲಿ ನಿಮ್ಮ ಬಗ್ಗೆ ಬರೆದದ್ದು ಇದೊಂದೇ ಸಾಲು. ಅವ್ವ ಅಡುಗೆಮನೆಯಲ್ಲಿ, ನೀವು ಇನ್ನೆಲ್ಲೋ ಬಚ್ಚಲಲ್ಲೋ ಹಿತ್ತಲಲ್ಲೋ ಬೇರೆ ಬೇರೆ ಅಳುವುದಕ್ಕಿಂತ ಒಂದೇ ಕಡೆ ಕೂತು ಅಳುವುದು ಮೇಲು. ಅವರು ನಿಮ್ಮನ್ನು ಸಮಾಧಾನ ಮಾಡೋಕೆ ಬಂದರೆ ಬೇಡ ಅನ್ನಬೇಡಿ. ಅವ್ವನಾಗಿ ಒಂದು ಕೆಲಸ ಸಿಕ್ಕಿದೆ, ಮಾಡಲಿ.